ಅನುಮಾನ ಹುಟ್ಟುವ ಜಾಗ

(ಮದ್ದೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸಕ್ಕೆ ಇಂಗ್ಲಿಷಿನ ವಿಷಯವೇ ಎಂದು ಆಹ್ವಾನ ಪತ್ರಿಕೆ ನೋಡಿದ ಒಬ್ಬಿಬ್ಬರು ಕೇಳಿದರಂತೆ. ಕೇಳಬೇಕಾದ ಮಾತೇ. ದತ್ತಿ ಎಂದರೆ ವಚನ, ಜನಪದ, ಏಕೀಕರಣ, ಇಷ್ಟರೊಳಗೆ ಮುಗಿಯುವುದು ವಾಡಿಕೆ. ಆದರೆ ಈ ದತ್ತಿ ಒಬ್ಬ ಮೇಷ್ಟರ ನೆನಪಿನದು. ‘ಮಕ್ಕಳಿಗೆ ನಾಳೆ ಬೆಳಗ್ಗೆ ಕೆಲಸಕ್ಕೆ ಬರುವಂಥದ್ದು ಏನಾದರೂ ಹೇಳಿ’ ಎಂದಷ್ಟೇ ಅವರ ಮನೆಯವರು ನನ್ನನ್ನು ಕೇಳಿಕೊಂಡದ್ದು. ಕೆಲಸಕ್ಕೆ ಬರುವುದು ಯಾವುದು ಎಂದು ಯೋಚಿಸಿದಾಗ ಹೊಳೆದದ್ದು ಇದು: ಇಂಗ್ಲಿಷ್ ಬರೆಯುವಾಗ ನಮ್ಮವರು ಮಾಡುವ ತಪ್ಪುಗಳು, ಅವನ್ನು ತಿದ್ದಲೆಂದೇ ಇರುವ ಕೈಪಿಡಿಗಳು, ಆ ಕೈಪಿಡಿ ಕೈಯಲ್ಲಿದ್ದೂ ತಪ್ಪು ಉಳಿಯುವುದೇಕೆ ಎಂಬ ಪ್ರಶ್ನೆ.

ಮದ್ದೂರಿನಲ್ಲಿ ಇದನ್ನು ಮಾತಾಡುವುದಕ್ಕೂ ಕಾರಣವಿದೆ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ಕಾಡು ಹೊಗುವ ಮೊದಲು ಸಿಗುವ ಚೆಕ್‌ಪೋಸ್ಟು ನಿಮ್ಮದು. ಇಲ್ಲಿ ಕನ್ನಡ, ಮಲಯಾಳ, ತಮಿಳು ಮೂರೂ ದಿನವಿಡೀ ಕಿವಿಗೆ ಬೀಳುತ್ತವೆ. ಮೂರು ಭಾಷೆಯವರೂ ಹೇಗೋ ಒಬ್ಬರಿಗೊಬ್ಬರು ಅರ್ಥವಾಗುತ್ತಾರೆ; ತರಕಾರಿ, ಹೂವಿನ ವ್ಯಾಪಾರ ಯಾವ ವ್ಯಾಕರಣಕ್ಕೂ ಕಾಯುವುದಿಲ್ಲ. ಇಂಗ್ಲಿಷ್ ಬರುವುದು ಕಾಗದದ ಮೇಲೆ. ಪರ್ಮಿಟ್ಟು, ಬಿಲ್ಲು, ಬ್ಯಾಂಕಿನ ಅರ್ಜಿ, ಬಂಡೀಪುರದ ಸುತ್ತಲಿನ ರೆಸಾರ್ಟುಗಳಲ್ಲಿ ಕೆಲಸಕ್ಕೆ ಸೇರುವ ಹುಡುಗರು ಕೊಡಬೇಕಾದ ಬಯೋಡೇಟಾ. ಮಾತಿನಲ್ಲಾದರೆ ಕೈಸನ್ನೆ, ಮುಖಭಾವ ಸಹಾಯಕ್ಕೆ ಬರುತ್ತವೆ. ಕಾಗದಕ್ಕೆ ಮುಖವಿಲ್ಲ, ಬರೆದದ್ದನ್ನು ಬರೆದ ಹಾಗೇ ಓದುತ್ತಾರೆ.

ನಮ್ಮ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲು ಆರಂಭಿಸಿದರು. ಆ ವರ್ಷ ಒಂದನೇ ತರಗತಿಗೆ ಸೇರಿದವರು ಈಗ ಸ್ವತಃ ದುಡಿಯುತ್ತಿದ್ದಾರೆ. ಅಷ್ಟು ಬೇಗ ಆರಂಭಿಸಿದ ಮೇಲೂ ರಜಾ ಅರ್ಜಿ ಬರೆಯುವ ಹೊತ್ತಿಗೆ ಕೈ ನಡುಗುತ್ತದೆ ಎಂದರೆ, ಬರಿಯ ವರ್ಷಗಳ ಲೆಕ್ಕದಿಂದ ಬಗೆಹರಿಯುವ ಸಮಸ್ಯೆ ಇದಲ್ಲ.

ಮೊದಲು ಪುಸ್ತಕಗಳ ಕಥೆ. ಇಂಗ್ಲಿಷಿನಲ್ಲಿ ಪದಬಳಕೆಯ ಕೈಪಿಡಿ ಎಂದ ಕೂಡಲೇ ಬಲ್ಲವರು ಹೇಳುವ ಹೆಸರು ಫೌಲರ್. ಹೆನ್ರಿ ವಾಟ್ಸನ್ ಫೌಲರ್ ಶಾಲಾ ಮೇಷ್ಟರಾಗಿದ್ದವರು. ಆ ಕೆಲಸ ಬಿಟ್ಟು ತಮ್ಮ ಫ್ರಾನ್ಸಿಸ್‌ನ ಜೊತೆ ಸೇರಿ 1906ರಲ್ಲಿ ‘ದಿ ಕಿಂಗ್ಸ್ ಇಂಗ್ಲಿಷ್’ ಬರೆದರು. ತಮ್ಮ 1918ರಲ್ಲಿ ಕ್ಷಯದಿಂದ ತೀರಿಕೊಂಡ. ಅಣ್ಣ ಒಬ್ಬನೇ ಕೂತು ಮುಗಿಸಿದ ‘ಎ ಡಿಕ್ಷನರಿ ಆಫ್ ಮಾಡರ್ನ್ ಇಂಗ್ಲಿಷ್ ಯೂಸೇಜ್’ 1926ರಲ್ಲಿ ಹೊರಬಂತು. ಅಕಾರಾದಿಯಲ್ಲಿ ಜೋಡಿಸಿದ, ಒಂದೊಂದು ಟಿಪ್ಪಣಿಯಲ್ಲೂ ಚುರುಕು ಮುಟ್ಟಿಸುವ ಪುಸ್ತಕ. ನಗುತ್ತ ಓದಬಹುದು. ಆದರೆ ಮದ್ದೂರಿನ ಒಂಬತ್ತನೇ ತರಗತಿಯ ಹುಡುಗಿಗೆ ಅದರಿಂದ ಹೆಚ್ಚೇನೂ ಸಿಗುವುದಿಲ್ಲ. ಫೌಲರ್ ತಿದ್ದಲು ಹೊರಟದ್ದು ಇಂಗ್ಲಿಷರನ್ನು. ಬುದ್ಧಿವಂತಿಕೆ ತೋರಿಸಲು ಹೋಗಿ ಎಡವುವ ಪತ್ರಕರ್ತ, ದೊಡ್ಡ ಪದದ ಮೋಹಕ್ಕೆ ಬಿದ್ದ ಸಂಸತ್ ಸದಸ್ಯ, ಇಂಥವರು ಆತನ ಶಿಷ್ಯರು. ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎಂದು ಬರೆಯುವವರು ಆತನ ಕಣ್ಣಮುಂದೆ ಇರಲೇ ಇಲ್ಲ.

ಇದ್ದದ್ದು ಇಲ್ಲಿಗೆ ಬಂದ ಸಾಹೇಬರ ಕಣ್ಣಮುಂದೆ. ಬೊಂಬಾಯಿಯ ಸಿವಿಲ್ ಸರ್ವೀಸಿನಲ್ಲಿದ್ದ ವಿಟ್ವರ್ತ್ ಎಂಬವರು 1907ರಲ್ಲಿ ‘ಇಂಡಿಯನ್ ಇಂಗ್ಲಿಷ್’ ಎಂಬ ಪುಸ್ತಕ ಪ್ರಕಟಿಸಿದರು. ಭಾರತೀಯರು ಇಂಗ್ಲಿಷ್ ನುಡಿಗಟ್ಟಿನಲ್ಲಿ ಮಾಡುವ ತಪ್ಪುಗಳ ಪರೀಕ್ಷೆ ಅದು. ಆಮೇಲೆ 1930ರ ದಶಕದಲ್ಲಿ ಬಂದ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣವಂತೂ ಇಲ್ಲಿ ಕುಳಿತಿರುವ ಹಿರಿಯರಲ್ಲಿ ಅನೇಕರ ಕೈಯಲ್ಲಿ ಹಾಳೆ ಕಿತ್ತುಹೋಗುವಷ್ಟು ಓಡಾಡಿದೆ. ಆ ರೆನ್ ಸಾಹೇಬರು ಭಾರತದ ಶಿಕ್ಷಣ ಇಲಾಖೆಯಲ್ಲಿದ್ದವರು. ಆಫ್ರಿಕಾದ ಮರಳುಗಾಡಿನಲ್ಲಿ ಫ್ರೆಂಚ್ ಸೈನ್ಯದ ಸಾಹಸ ಹೇಳುವ ‘ಬೋ ಜೆಸ್ಟ್’ ಎಂಬ ಕಾದಂಬರಿ ಬರೆದು ಲೋಕಪ್ರಸಿದ್ಧರಾದವರೂ ಅವರೇ. ಅವರ ವ್ಯಾಕರಣ ಓದಿ ಬೇಸತ್ತ ಮಕ್ಕಳಿಗೆ ಇದನ್ನು ಹೇಳಿದರೆ ನಂಬುವುದಿಲ್ಲ.

ಈ ಪುಸ್ತಕಗಳನ್ನು ನಾನು ತಳ್ಳಿಹಾಕುವವನಲ್ಲ. ಆದರೆ ಅವುಗಳಲ್ಲಿ ಒಂದು ಧೋರಣೆ ಇದೆ: ತಪ್ಪನ್ನು ತೋರಿಸುತ್ತವೆ, ಸರಿಯನ್ನು ಪಕ್ಕದಲ್ಲಿ ಇಡುತ್ತವೆ, ಮುಂದಕ್ಕೆ ಹೋಗುತ್ತವೆ. ತಪ್ಪು ಮಾಡಿದವನು ಯಾಕೆ ಹಾಗೆ ಬರೆದ ಎಂದು ಕೇಳುವ ವ್ಯವಧಾನ ಅವಕ್ಕಿಲ್ಲ. ದಡ್ಡತನ, ಅಜಾಗರೂಕತೆ ಎಂದು ತೀರ್ಪು ಕೊಟ್ಟು ಮುಗಿಸಿಬಿಡುತ್ತವೆ.

ದಿಕ್ಕು ಬದಲಾಯಿಸಿದವರು ಜಪಾನಿನಲ್ಲಿ ಪಾಠ ಹೇಳುತ್ತಿದ್ದ ಒಬ್ಬ ಇಂಗ್ಲಿಷ್ ಮೇಷ್ಟರು. ಎ.ಎಸ್. ಹಾರ್ನ್‌ಬಿ 1924ರಲ್ಲಿ ಆ ದೇಶಕ್ಕೆ ಹೋದರು. ಜಪಾನಿ ವಿದ್ಯಾರ್ಥಿಗಳಿಗೆ ಪದದ ಅರ್ಥ ಗೊತ್ತಿದ್ದೂ ಅದನ್ನು ವಾಕ್ಯದಲ್ಲಿ ಕೂರಿಸಲು ಬಾರದೆಂಬುದು ಅವರಿಗೆ ದಿನವೂ ಕಾಣುತ್ತಿತ್ತು. ಇಬ್ಬರು ಸಹೋದ್ಯೋಗಿಗಳ ಜೊತೆ ಸೇರಿ ಒಂದು ನಿಘಂಟು ಮಾಡಿದರು. ಮಹಾಯುದ್ಧದ ನಡುವೆ, 1942ರಲ್ಲಿ, ಅದು ಟೋಕಿಯೊದಲ್ಲಿ ಅಚ್ಚಾಯಿತು. ಆಕ್ಸ್‌ಫರ್ಡಿನವರು 1948ರಲ್ಲಿ ಅದನ್ನು ಮರುಮುದ್ರಿಸಿದರು. ಇವತ್ತು ‘ಅಡ್ವಾನ್ಸ್ಡ್ ಲರ್ನರ್ಸ್’ ಎಂದು ಅಂಗಡಿಯಲ್ಲಿ ಸಿಗುವುದು ಅದರ ವಂಶವೇ. ಪದ ಏನು ಹೇಳುತ್ತದೆ ಎಂಬುದರ ಜೊತೆಗೆ ಪದ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನೂ ಆ ನಿಘಂಟು ಹೇಳಿತು.

ಹತ್ತಿರ ಹಿಡಿದು ನೋಡೋಣ. ‘ಅಡ್ವೈಸ್’ ಎಂಬ ನಾಮಪದವನ್ನು ಅಂಥ ನಿಘಂಟಿನಲ್ಲಿ ತೆಗೆಯಿರಿ. ಅರ್ಥಕ್ಕೆ ಮೊದಲು ಚೌಕ ಕಂಸದೊಳಗೆ ‘ಯು’ ಎಂಬ ಒಂದೇ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ನಮ್ಮಲ್ಲಿ ಬಹಳ ಜನ ಅದರ ಮೇಲೆ ಕಣ್ಣು ಹಾಯಿಸಿ ಕೆಳಗೆ ಹೋಗುತ್ತಾರೆ. ಆ ಪದವನ್ನು ಎಣಿಸಲಾಗದು, ಅದಕ್ಕೆ ಬಹುವಚನವಿಲ್ಲ, ಮುಂದೆ ‘ಆನ್’ ಹಾಕುವಂತಿಲ್ಲ ಎಂಬಷ್ಟೂ ಮಾತು ಆ ಒಂದಕ್ಷರದಲ್ಲಿ ಅಡಗಿದೆ. ‘ಫರ್ನಿಚರ್ಸ್’, ‘ಇನ್‌ಫರ್ಮೇಷನ್ಸ್’, ‘ಎಕ್ವಿಪ್‌ಮೆಂಟ್ಸ್’, ‘ಲಗೇಜಸ್’ ಎಂದು ನಾವು ಬರೆಯುವುದೆಲ್ಲ ಆ ಅಕ್ಷರವನ್ನು ನೋಡದೆ ಹೋದ ಫಲ. ಕನ್ನಡದಲ್ಲಿ ಸಲಹೆಗಳು, ಮಾಹಿತಿಗಳು, ಸಾಮಾನುಗಳು ಎಲ್ಲ ಸಲೀಸು. ಇಂಗ್ಲಿಷಿನಲ್ಲಿ ಸಾಮಾನು ಎಷ್ಟೇ ಇದ್ದರೂ ಒಂದೇ ‘ಲಗೇಜ್’.

ಇನ್ನೊಂದು: ‘ಡಿಸ್ಕಸ್’. ಆಕ್ಸ್‌ಫರ್ಡಿನ ಈ ನಿಘಂಟಿನಲ್ಲಿ ಆ ಪದದ ಕೆಳಗೆ ಒಂದು ಎಚ್ಚರಿಕೆಯ ಟಿಪ್ಪಣಿಯೇ ಇದೆ. ಇದರ ಜೊತೆ ‘ಅಬೌಟ್’ ಬರುವುದಿಲ್ಲ ಎಂದು. ಇದನ್ನು ಓದಿದಾಗ ನನಗೆ ಬಂದ ಯೋಚನೆ ಬೇರೆ. ‘ಡಿಸ್ಕಸ್ ಅಬೌಟ್’ ಎಂದು ಬರೆಯುವವನು ಈ ಪುಟವನ್ನು ಯಾವತ್ತು ತೆರೆಯುತ್ತಾನೆ? ಅವನಿಗೆ ಆ ಪದ ಚೆನ್ನಾಗಿ ಗೊತ್ತು. ಅರ್ಥ ಗೊತ್ತು, ಕಾಗುಣಿತ ಗೊತ್ತು. ಗೊತ್ತಿರುವ ಪದವನ್ನು ಯಾರು ನಿಘಂಟಿನಲ್ಲಿ ಹುಡುಕುತ್ತಾರೆ?

ನಾನು ಇವತ್ತು ಹೇಳಬೇಕೆಂದು ಬಂದದ್ದು ಇದನ್ನೇ. ಕೈಪಿಡಿ ಉತ್ತರ ಕೊಡುತ್ತದೆ, ಪ್ರಶ್ನೆ ನಮ್ಮಿಂದ ಹೊರಡಬೇಕು. ನಮ್ಮ ತಪ್ಪುಗಳಾದರೋ ಅನುಮಾನವೇ ಬರದ ಜಾಗದಲ್ಲಿ ಕೂತಿರುತ್ತವೆ. ಕಷ್ಟದ ಪದ ಬಂದಾಗ ನಿಲ್ಲುತ್ತೇವೆ, ನೋಡುತ್ತೇವೆ, ಸರಿಯಾಗಿ ಬರೆಯುತ್ತೇವೆ. ‘ಹ್ಯಾವ್’, ‘ಓನ್ಲಿ’, ‘ಸಿನ್ಸ್’, ‘ಎಸ್’ ಇಂಥ ಪುಟ್ಟ ಪದಗಳಲ್ಲಿ ನಿಶ್ಚಿಂತೆಯಾಗಿ ಎಡವುತ್ತೇವೆ. ಹಾಗಾದರೆ ಎಲ್ಲಿ ನಿಂತು ಅನುಮಾನ ಪಡಬೇಕೆಂದು ನಮಗೆ ಹೇಳುವವರು ಯಾರು? ನನ್ನ ಉತ್ತರ: ನಮ್ಮ ಕನ್ನಡ. ಕನ್ನಡದ ವಾಕ್ಯ ಎಲ್ಲೆಲ್ಲಿ ಇಂಗ್ಲಿಷಿನ ವಾಕ್ಯಕ್ಕಿಂತ ಬೇರೆ ದಾರಿ ಹಿಡಿಯುತ್ತದೋ ಅಲ್ಲಲ್ಲಿ ತಪ್ಪು ಕಾದಿರುತ್ತದೆ. ಕನ್ನಡವನ್ನು ಗಮನಿಸಿ ನೋಡಿದವರಿಗೆ ಆ ಜಾಗಗಳ ಪಟ್ಟಿ ತಾನಾಗಿ ಸಿಗುತ್ತದೆ.

ನಿಮ್ಮ ಚೆಕ್‌ಪೋಸ್ಟಿನಿಂದಲೇ ಶುರು ಮಾಡುತ್ತೇನೆ. ಬಂಡೀಪುರದ ಕಾಡಿನಲ್ಲಿ 2009ರಿಂದ ರಾತ್ರಿ ಸಂಚಾರಕ್ಕೆ ನಿಷೇಧ ಇದೆ. ಒಂಬತ್ತಕ್ಕೆ ಗೇಟು ಬಿದ್ದರೆ ಬೆಳಗ್ಗೆ ಆರಕ್ಕೇ ತೆಗೆಯುವುದು. ಲಾರಿಯವನಿಗೆ ನಾವು ಏನು ಹೇಳುತ್ತೇವೆ? ‘ಒಂಬತ್ತರ ಒಳಗೆ ಬಂದುಬಿಡು, ಆಮೇಲೆ ಆರು ಗಂಟೆ ಗಂಟ ಮುಚ್ಚಿರ್ತದೆ.’ ಈ ‘ಒಳಗೆ’ ಮತ್ತು ‘ಗಂಟ’ ಎರಡನ್ನೂ ಅದಲು ಬದಲು ಮಾಡುವ ಕನ್ನಡಿಗ ಇನ್ನೂ ಹುಟ್ಟಿಲ್ಲ. ಇದೇ ಮಾತನ್ನು ಇಂಗ್ಲಿಷಿನಲ್ಲಿ ಬರೆಸಿ ನೋಡಿ: ‘ರೀಚ್ ಟಿಲ್ ನೈನ್’ ಎಂದು ಬರೆಯುವವರು ಸಿಗುತ್ತಾರೆ. ಆಫೀಸಿನ ಸುತ್ತೋಲೆಗಳಲ್ಲೂ ‘ಸಬ್ಮಿಟ್ ಟಿಲ್ ಮಂಡೇ’ ಓದಿದ್ದೇನೆ. ಸೋಮವಾರದವರೆಗೂ ಕೊಡುತ್ತಲೇ ಇರಿ ಎಂದಂತಾಯಿತು ಅದು. ಯಾಕೆ ಹೀಗಾಗುತ್ತದೆ? ‘ಬೈ’ ಎಂಬ ಪದವನ್ನು ಮಕ್ಕಳು ಮೊದಲು ಕಲಿಯುವುದು ‘ಬೈ ಬಸ್’ ಎಂದು. ಅದಕ್ಕೆ ಗಡುವಿನ ಅರ್ಥವೂ ಉಂಟೆಂದು ಯಾರೂ ಹೇಳಿರುವುದಿಲ್ಲ. ಕಾಲಕ್ಕೆ ಸಂಬಂಧಿಸಿ ಗೊತ್ತಿರುವ ಪದ ‘ಟಿಲ್’ ಒಂದೇ. ‘ಒಳಗೆ ಎಂದರೆ ಬೈ, ಗಂಟ ಎಂದರೆ ಟಿಲ್’ ಎಂದು ಒಂದು ಸಲ ಹೇಳಿದರೆ ಸಾಕು, ಮರೆಯುವುದಿಲ್ಲ. ಇಲ್ಲಿ ಕನ್ನಡ ಅಡ್ಡಿಯಲ್ಲ, ಉತ್ತರವೇ ಅದರಲ್ಲಿತ್ತು.

‘ದಿ’ ಎಂಬ ಪುಟ್ಟ ಪದವೂ ಹಾಗೇ. ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಆದ್ದರಿಂದ ನಮ್ಮ ಮಕ್ಕಳಿಗೆ ಅದು ಅರ್ಥವಾಗದು ಎಂದು ಟೀಚರುಗಳೇ ಹೇಳುವುದುಂಟು. ಸ್ವಲ್ಪ ತಾಳಿ. ‘ಪುಸ್ತಕ ತಂದೆ’ ಎನ್ನುವುದಕ್ಕೂ ‘ಪುಸ್ತಕಾನ ತಂದೆ’ ಎನ್ನುವುದಕ್ಕೂ ವ್ಯತ್ಯಾಸ ಇದೆಯೋ ಇಲ್ಲವೋ? ಮೊದಲನೆಯದು ಯಾವುದೋ ಒಂದು ಪುಸ್ತಕ. ಎರಡನೆಯದು ನಿನಗೂ ನನಗೂ ಗೊತ್ತಿರುವ, ನಿನ್ನೆ ಮಾತಾಡಿಕೊಂಡ ಆ ಪುಸ್ತಕ. ದ್ವಿತೀಯಾ ವಿಭಕ್ತಿಯ ಪ್ರತ್ಯಯ ಹಾಕುವುದು ಬಿಡುವುದರಲ್ಲಿ ‘ದಿ’ ಮತ್ತು ‘ಎ’ ಮಾಡುವ ಕೆಲಸದ ಬಹುಪಾಲು ನಡೆಯುತ್ತಿದೆ, ಅದನ್ನು ಮೂರು ವರ್ಷದ ಮಗುವೂ ಮಾಡುತ್ತಿದೆ. ಎಲ್ಲ ಕಡೆ ಈ ಗುರುತು ಸಿಗುವುದಿಲ್ಲ ನಿಜ, ಕರ್ತೃವಿನ ಜಾಗದಲ್ಲಿ ಕೈಕೊಡುತ್ತದೆ. ಆದರೂ ಆರಂಭಕ್ಕೆ ಇದಕ್ಕಿಂತ ಒಳ್ಳೆಯ ಹಿಡಿಕೆ ಯಾವ ಇಂಗ್ಲಿಷ್ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ.

‘ಎ’ ಮತ್ತು ‘ಆನ್’ ವಿಷಯದಲ್ಲಿ ಒಂದು ತಮಾಷೆ ಹೇಳಬೇಕು. ನಿಯಮ ಇರುವುದು ಅಕ್ಷರಕ್ಕಲ್ಲ, ಉಚ್ಚಾರಕ್ಕೆ. ಅದಕ್ಕೇ ‘ಎ ಯೂನಿವರ್ಸಿಟಿ’, ‘ಆನ್ ಎಂಎಲ್ಎ’. ನಮ್ಮ ಹುಡುಗ ‘ಎ ಎಂಎಲ್ಎ’ ಎಂದು ಬರೆದ, ಟೀಚರು ಕೆಂಪು ಗೆರೆ ಎಳೆದರು. ಅವನನ್ನು ಓದಲು ಹೇಳಿ. ‘ಎ ಯೆಮ್ಮೆಲ್ಲೆ’ ಎನ್ನುತ್ತಾನೆ! ಪದದ ಮೊದಲ ಎಕಾರಕ್ಕೆ ಯಕಾರ ಸೇರಿಸುವುದು ನಮ್ಮ ನಾಲಿಗೆಯ ರೂಢಿ. ಅವನ ಬಾಯಲ್ಲಿ ಆ ಪದ ವ್ಯಂಜನದಿಂದ ಶುರುವಾಗುತ್ತದೆ, ನಿಯಮದ ಪ್ರಕಾರ ಅವನು ಬರೆದದ್ದೇ ಸರಿ. ತಿದ್ದಬೇಕಾದದ್ದು ವ್ಯಾಕರಣವನ್ನಲ್ಲ, ಉಚ್ಚಾರವನ್ನು. ಕೆಂಪು ಗೆರೆ ಎಳೆದ ಜಾಗವೇ ತಪ್ಪು.

‘ಇಂದ’ ಪ್ರತ್ಯಯ ನೋಡಿ. ‘ಸೋಮವಾರದಿಂದ ಜ್ವರ’, ‘ಮೂರು ದಿನದಿಂದ ಜ್ವರ’. ಶುರುವಾದ ಗಳಿಗೆಗೂ ಕಳೆದ ಅವಧಿಗೂ ನಮಗೆ ಒಂದೇ ಪ್ರತ್ಯಯ. ಇಂಗ್ಲಿಷಿನಲ್ಲಿ ಎರಡಕ್ಕೆ ಎರಡು: ಗಳಿಗೆಗೆ ‘ಸಿನ್ಸ್’, ಅವಧಿಗೆ ‘ಫಾರ್’. ಹೀಗಾಗಿಯೇ ‘ಸಿನ್ಸ್ ತ್ರೀ ಡೇಸ್’ ನಮ್ಮ ಎಲ್ಲ ರಜಾ ಅರ್ಜಿಗಳಲ್ಲೂ ಇರುತ್ತದೆ. ‘ಅವನು ಎಲ್ಲಿದ್ದಾನೆ ಎಂದು ಕೇಳಿದೆ’ ಎನ್ನುವಾಗ ನಾವು ಪ್ರಶ್ನೆಯನ್ನು ಇದ್ದ ಹಾಗೇ ಇಟ್ಟು ‘ಎಂದು’ ಸೇರಿಸುತ್ತೇವೆ, ಮುಗಿಯಿತು. ಇಂಗ್ಲಿಷಿನವರು ಒಳಗಿನ ಪ್ರಶ್ನೆಯ ಪದಗಳ ಜಾಗ ಬದಲಿಸುತ್ತಾರೆ. ಅದಕ್ಕೇ ‘ಐ ಆಸ್ಕ್ಡ್ ವೇರ್ ಈಸ್ ಹೀ’ ಎಂಬುದು ನಮ್ಮ ಕಿವಿಗೆ ತಪ್ಪೆನಿಸುವುದೇ ಇಲ್ಲ. ‘ಹ್ಯಾವ್’ ಎಂಬ ಕ್ರಿಯಾಪದಕ್ಕೆ ನೇರವಾಗಿ ಹೊಂದುವುದು ಕನ್ನಡದಲ್ಲಿ ಇಲ್ಲ. ‘ನನಗೆ ಇಬ್ಬರು ಅಣ್ಣಂದಿರಿದ್ದಾರೆ’ ಎನ್ನುತ್ತೇವೆ. ಆ ‘ಇದ್ದಾರೆ’ ಈಗಲೂ ಮುಂದುವರಿಯುತ್ತಿರುವ ಸ್ಥಿತಿ, ಆದ್ದರಿಂದ ‘ಆಮ್ ಹ್ಯಾವಿಂಗ್’. ‘ಒಬ್ಬರ ಜೊತೆ ಮದುವೆ’ ಎನ್ನುತ್ತೇವೆ, ಆದ್ದರಿಂದ ‘ಮ್ಯಾರೀಡ್ ವಿತ್’. ‘ಅದರ ಬಗ್ಗೆ ಚರ್ಚೆ’, ‘ಅದರ ಬಗ್ಗೆ ವಿವರಣೆ’, ಆದ್ದರಿಂದ ‘ಡಿಸ್ಕಸ್ ಅಬೌಟ್’, ‘ಡಿಸ್ಕ್ರೈಬ್ ಅಬೌಟ್’. ಇವುಗಳಲ್ಲಿ ಒಂದೂ ದಡ್ಡತನದ ತಪ್ಪಲ್ಲ. ಎಲ್ಲದರ ಹಿಂದೆಯೂ ಅಚ್ಚುಕಟ್ಟಾದ ಕನ್ನಡ ವ್ಯಾಕರಣ ಕೆಲಸ ಮಾಡಿದೆ.

ಈ ತಪ್ಪುಗಳಲ್ಲಿ ಬಹುಪಾಲು ಕೇಳಲು ವಿಚಿತ್ರ, ಅಷ್ಟೆ, ಅರ್ಥ ಕೆಡುವುದಿಲ್ಲ. ಮೂರು ದಿನದ ಜ್ವರ ‘ಸಿನ್ಸ್’ ಹಾಕಿದರೂ ಮೂರೇ ದಿನದ್ದು. ಅರ್ಥವನ್ನೇ ತಲೆಕೆಳಗು ಮಾಡುವ ಎರಡನ್ನು ಮಾತ್ರ ಬಿಡಿಸಿ ಹೇಳಲೇಬೇಕು.

ಮೊದಲನೆಯದು ‘ಓನ್ಲಿ’. ‘ನಾನೇ ಅವನಿಗೆ ಹೇಳಿದೆ’ ಎಂಬುದನ್ನು ನಾವು ‘ಐ ಓನ್ಲಿ ಟೋಲ್ಡ್ ಹಿಮ್’ ಎನ್ನುತ್ತೇವೆ. ಹೇಳಿದವನು ನಾನೇ, ಬೇರೆ ಯಾರೂ ಅಲ್ಲ, ಜವಾಬ್ದಾರಿ ನನ್ನದು ಎಂಬುದು ನಮ್ಮ ಅಭಿಪ್ರಾಯ. ಇಂಗ್ಲಿಷ್ ಕಿವಿಗೆ ಅದು ಕೇಳಿಸುವುದು ‘ನಾನು ಬರೀ ಹೇಳಿದೆ ಅಷ್ಟೆ, ಇನ್ನೇನೂ ಮಾಡಲಿಲ್ಲ’ ಎಂದು. ಜವಾಬ್ದಾರಿ ಹೊತ್ತುಕೊಂಡ ಮಾತು ಜಾರಿಕೊಂಡ ಮಾತಾಗುತ್ತದೆ. ವಿಚಾರಣೆಯಲ್ಲೋ ಹೇಳಿಕೆಯಲ್ಲೋ ಇದು ಬಂದರೆ ಏನಾದೀತು ಯೋಚಿಸಿ. ನಮ್ಮ ‘ಏ’ಕಾರ ಬಹಳ ಸೊಗಸಾದ ಸಾಧನ, ಯಾವ ಪದಕ್ಕೆ ಬೇಕಾದರೂ ಅಂಟಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ದನಿಯ ಒತ್ತು ಮಾಡುತ್ತದೆ. ಕಾಗದದ ಮೇಲಾದರೆ ‘ಮೈಸೆಲ್ಫ್’ ಎಂಬಂಥ ಪದವನ್ನೋ ಬೇರೆ ವಾಕ್ಯರಚನೆಯನ್ನೋ ಹುಡುಕಬೇಕು.

ಎರಡನೆಯದು ‘ಎಸ್’. ‘ಊಟ ಮಾಡಿಲ್ಲವಾ?’ ಎಂದು ಕೇಳಿದರೆ ‘ಹೌದು, ಮಾಡಿಲ್ಲ’ ಎನ್ನುತ್ತೇವೆ. ಕೇಳಿದವರ ಮಾತನ್ನು ಒಪ್ಪಿದೆವು ಎಂದು ನಮ್ಮ ‘ಹೌದು’. ಇಂಗ್ಲಿಷಿನ ‘ಎಸ್’ ಕೇಳಿದವರ ಮಾತನ್ನು ನೋಡುವುದಿಲ್ಲ, ಸಂಗತಿಯನ್ನು ನೋಡುತ್ತದೆ: ಮಾಡಿದ್ದರೆ ‘ಎಸ್’, ಮಾಡಿಲ್ಲದಿದ್ದರೆ ‘ನೋ’. ‘ನಿಮಗೆ ಯಾವ ಔಷಧಿಯೂ ಅಲರ್ಜಿ ಇಲ್ಲವಲ್ಲ?’ ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಕೇಳಿದಾಗ ‘ಎಸ್ ಸಾ’ ಎಂದರೆ, ಅವರು ಕನ್ನಡದವರೋ ಮಲಯಾಳದವರೋ ಆಗಿದ್ದರೆ ಬಚಾವು. ಇಲ್ಲವಾದರೆ ಇಲ್ಲದ ಅಲರ್ಜಿ ಚೀಟಿಯ ಮೇಲೆ ಬರುತ್ತದೆ. ತಿರುಗುಮುರುಗಾದರೆ ಇನ್ನೂ ಅಪಾಯ. ಇಂಥ ಕಡೆ ಒಂದೇ ಪದದ ಉತ್ತರ ಕೊಡದೆ ಪೂರ್ತಿ ವಾಕ್ಯ ಹೇಳಿ ಎಂದು ಮಕ್ಕಳಿಗೆ ಹೇಳಿಕೊಡಿ.

ತಪ್ಪನ್ನು ಮಾತೃಭಾಷೆಯ ಕಡೆಯಿಂದ ನೋಡಬೇಕೆಂಬ ಬುದ್ಧಿ ಇಂಗ್ಲಿಷ್ ಕೈಪಿಡಿಗಳ ಲೋಕಕ್ಕೂ ಬಂದದ್ದು ತಡವಾಗಿ. ಮೈಕಲ್ ಸ್ವಾನ್ ಅವರ ‘ಪ್ರ್ಯಾಕ್ಟಿಕಲ್ ಇಂಗ್ಲಿಷ್ ಯೂಸೇಜ್’ 1980ರಲ್ಲಿ ಬಂತು. ಇಂಗ್ಲಿಷ್ ಕಲಿಯುವವರಿಗೆ ಮತ್ತು ಕಲಿಸುವವರಿಗೆ ಇಂದಿಗೂ ಅದಕ್ಕಿಂತ ಒಳ್ಳೆಯದನ್ನು ನಾನು ಸೂಚಿಸಲಾರೆ. ಅದೇ ಸ್ವಾನ್ ಮತ್ತೊಬ್ಬರ ಜೊತೆಗೂಡಿ 1987ರಲ್ಲಿ ‘ಲರ್ನರ್ ಇಂಗ್ಲಿಷ್’ ಎಂಬ ಇನ್ನೊಂದು ಪುಸ್ತಕ ಸಂಪಾದಿಸಿದರು. ಅದರ ಅಧ್ಯಾಯಗಳು ತಪ್ಪಿನ ಪ್ರಕಾರ ಇಲ್ಲ, ಮಾತೃಭಾಷೆಯ ಪ್ರಕಾರ ಇವೆ: ಫ್ರೆಂಚರು ಎಲ್ಲಿ ಎಡವುತ್ತಾರೆ, ಅರಬರು ಎಲ್ಲಿ, ಜಪಾನಿಯರು ಎಲ್ಲಿ. 2001ರ ಎರಡನೇ ಆವೃತ್ತಿಯಲ್ಲಿ ದ್ರಾವಿಡ ಭಾಷೆಗಳಿಗೂ ಒಂದು ಅಧ್ಯಾಯ ಬಂತು. ಅದು ಚಿಕ್ಕದು, ನಾಲ್ಕು ಭಾಷೆಯವರು ಹಂಚಿಕೊಳ್ಳಬೇಕು. ಅದನ್ನು ಕನ್ನಡಕ್ಕೆಂದು ಬೆಳೆಸಿ ಬರೆಯಬೇಕಾದವರು ಈ ಸಭೆಯಲ್ಲಿರುವ ಅಧ್ಯಾಪಕರು. ನಿಮ್ಮ ಮುಂದೆ ದಿನವೂ ರಾಶಿ ಬೀಳುವ ಉತ್ತರ ಪತ್ರಿಕೆಗಳಿಗಿಂತ ಒಳ್ಳೆಯ ಸಾಮಗ್ರಿ ಆಕ್ಸ್‌ಫರ್ಡಿನಲ್ಲೂ ಇಲ್ಲ.

ಎಲ್ಲವನ್ನೂ ತಿದ್ದಲೇಬೇಕೆ? ಇಲ್ಲ. ‘ಪ್ರಿಪೋನ್’ ಎಂಬ ಪದ ನಮ್ಮ ದೇಶದಲ್ಲಿ ಬೆಳೆದದ್ದು, ಒಳ್ಳೆಯ ಪದ. ಇಂಗ್ಲಿಷ್ ನಿಘಂಟುಗಳೇ ಅದನ್ನು ಒಳಗೆ ಕರೆದುಕೊಂಡಿವೆ. ‘ಕಸಿನ್ ಬ್ರದರ್’ ಎಂದರೆ ಸಾಹೇಬರು ನಗಬಹುದು. ದೊಡ್ಡಪ್ಪನ ಮಗನನ್ನು ಅಣ್ಣ ಎಂದು ಕರೆದು ಬೆಳೆದವನು ಬರಿಯ ‘ಕಸಿನ್’ ಎಂದು ಹೇಳಿ ಅವನನ್ನು ದೂರ ಮಾಡಲಾರ. ಅದು ಇರಲಿ. ‘ಐ ಪಾಸ್ಡ್ ಔಟ್ ಇನ್ 2019’ ಎಂಬುದು ಊರೊಳಗೆ ನಡೆಯುತ್ತದೆ, ಅಮೆರಿಕದ ಕಂಪನಿಗೆ ಬರೆದ ಅರ್ಜಿಯಲ್ಲಿ ಬೇಡ. ಪರೀಕ್ಷೆ ಮುಗಿಸಿದ ಎಂದಲ್ಲ, ಎಚ್ಚರ ತಪ್ಪಿ ಬಿದ್ದ ಎಂದು ಓದಿಕೊಳ್ಳುತ್ತಾರೆ. ಯಾರಿಗೆ ಬರೆಯುತ್ತಿದ್ದೇವೆ ಎಂಬುದರ ಮೇಲೆ ತೀರ್ಮಾನ. ಫೌಲರನೇ ನಿಯಮದ ಗುಲಾಮನಾಗಿರಲಿಲ್ಲ. ‘ಟು’ ಮತ್ತು ಕ್ರಿಯಾಪದದ ನಡುವೆ ಬೇರೆ ಪದ ತರಕೂಡದೆಂದು ಆ ಕಾಲದ ಇಂಗ್ಲಿಷ್ ಮೇಷ್ಟರುಗಳು ಹಟ ಹಿಡಿದಿದ್ದಾಗ, ಆ ನಿಯಮದ ಬಗ್ಗೆ ಇಂಗ್ಲಿಷ್ ಮಾತಾಡುವವರನ್ನು ಐದು ಗುಂಪು ಮಾಡಿ ಚೆನ್ನಾಗಿ ಗೇಲಿ ಮಾಡಿದವನು ಆತ.

ಉಚ್ಚಾರದ ವಿಷಯವೂ ಅಷ್ಟೆ. ನಮ್ಮ ಕಡೆ ಹಾಲು ‘ಆಲು’, ಹಣ್ಣು ‘ಅಣ್ಣು’. ಹಾಗೆಯೇ ‘ಹೌಸ್’ ಎಂಬುದು ‘ಔಸ್’ ಆಗುತ್ತದೆ. ಮಕ್ಕಳನ್ನು ಇದಕ್ಕಾಗಿ ನಿಲ್ಲಿಸಿ ನಗೆಪಾಟಲು ಮಾಡುವುದನ್ನು ನೋಡಿದ್ದೇನೆ. ಲಂಡನ್ನಿನ ಕಾಕ್ನಿ ಜನ ತಲತಲಾಂತರದಿಂದ ಹಕಾರ ನುಂಗುತ್ತ ಬಂದಿದ್ದಾರೆ, ಅವರದೇ ಭಾಷೆ ಅದು. ಈ ಸೀಮೆಯ ಆಡುನುಡಿಯಲ್ಲೇ ದೇವನೂರ ಮಹಾದೇವ ಅವರು ‘ಕುಸುಮಬಾಲೆ’ ಬರೆದರು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಕಾರವನ್ನು ಬೇಕಾದಲ್ಲಿ ಹೇಳಲು ಕಲಿಸಿ, ಮನೆಯ ಮಾತನ್ನು ಕೀಳೆನ್ನಬೇಡಿ.

ತಪ್ಪುಗಳ ಪಟ್ಟಿ ಮಾಡುವುದು ಇಂಗ್ಲಿಷಿನಿಂದ ನಾವು ಕಲಿತ ವಿದ್ಯೆಯೇನೂ ಅಲ್ಲ. ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ, ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’, ತನ್ನ ಮೊದಲ ಪರಿಚ್ಛೇದವನ್ನು ಮೀಸಲಿಟ್ಟಿರುವುದು ಯಾವುದು ದೋಷ, ಯಾವುದು ದೋಷವಲ್ಲ ಎಂಬ ನಿರ್ಣಯಕ್ಕೆ. ಕನ್ನಡ ಸಂಸ್ಕೃತಗಳನ್ನು ಹದವರಿಯದೆ ಬೆರೆಸುವುದನ್ನು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಹಾಕುವುದಕ್ಕೆ ಹೋಲಿಸುತ್ತದೆ ಅದು. ದೋಷವನ್ನು ಮಾತ್ರ ಹೇಳದೆ ‘ಅದೋಷ’ವನ್ನೂ ಹೇಳಿತು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ತಪ್ಪಿನಂತೆ ಕಂಡರೂ ತಪ್ಪಲ್ಲದ್ದು ಭಾಷೆಯಲ್ಲಿ ಇರುತ್ತದೆ ಎಂದು ನಮ್ಮವರಿಗೆ ಅಷ್ಟು ಹಿಂದೆಯೇ ಗೊತ್ತಿತ್ತು.

ನಮ್ಮ ಕಾಲಕ್ಕೆ ಬಂದರೆ ಪ್ರೊ. ಜಿ. ವೆಂಕಟಸುಬ್ಬಯ್ಯನವರು. ‘ಪ್ರಜಾವಾಣಿ’ಯಲ್ಲಿ 1991ರಲ್ಲಿ ಶುರುವಾದ ಅವರ ‘ಇಗೋ ಕನ್ನಡ’ ಅಂಕಣ ವರ್ಷಗಟ್ಟಲೆ ನಡೆಯಿತು. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹತ್ ನಿಘಂಟಿನ ಹಿಂದೆ ದುಡಿದವರು, ಬೇಕಾದರೆ ತಮಗೆ ತೋಚಿದ ಪದಗಳನ್ನು ಆರಿಸಿ ಪಾಠ ಹೇಳಬಹುದಿತ್ತು. ಅವರು ಓದುಗರ ಕಾಗದಕ್ಕೆ ಕಾಯ್ದರು. ಯಾವುದೋ ಊರಿನಿಂದ ಯಾರೋ ಒಬ್ಬರಿಗೆ ಒಂದು ಪದದ ಮೇಲೆ ಅನುಮಾನ ಬರಬೇಕು, ಅವರು ಬರೆಯಬೇಕು, ಇವರು ಉತ್ತರಿಸಬೇಕು. ಅನುಮಾನದಿಂದ ಹುಟ್ಟಿದ ನಿಘಂಟು ಆ ಅಂಕಣ. 107 ವರ್ಷ ಬದುಕಿ 2021ರ ಏಪ್ರಿಲಿನಲ್ಲಿ ಅವರು ತೀರಿಕೊಂಡರು. ಕನ್ನಡದ ಬಗ್ಗೆ ಹಾಗೆ ಕೇಳುವ ಅಭ್ಯಾಸ ಇದ್ದವರಿಗೆ ಇಂಗ್ಲಿಷಿನ ಕೈಪಿಡಿ ಬಳಸುವುದು ಬೇರೆಯಾಗಿ ಕಲಿಸಬೇಕಾದ ವಿದ್ಯೆ ಅನಿಸುವುದಿಲ್ಲ.

ಇನ್ನು ಕೆಲಸದ ಮಾತು. ಶಾಲೆಗೆ ಮೂರು ಬೇಕು. ಒಂದು, ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟು. ಇಂಗ್ಲಿಷ್–ಕನ್ನಡ ನಿಘಂಟು ಅರ್ಥ ತಿಳಿಯಲು ಬೇಕೇ ಬೇಕು. ಪದದ ನಡವಳಿಕೆ ತಿಳಿಯಲು ಅದೊಂದೇ ಸಾಲದು. ಎರಡು, ಸ್ವಾನ್ ಅವರ ಪುಸ್ತಕ. ಅದನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಬೇಡಿ, ಯಾರಿಗೂ ಆಗದು. ಕೊನೆಯಲ್ಲಿರುವ ಪದಸೂಚಿಯಿಂದ ಒಳಗೆ ಹೋಗಿ. ಮೂರನೆಯದನ್ನು ನೀವೇ ಮಾಡಿಕೊಳ್ಳಬೇಕು, ಒಂದು ನೂರು ಪುಟದ ನೋಟುಬುಕ್ಕು. ಎಡಕ್ಕೆ ಕನ್ನಡ ವಾಕ್ಯ, ನೀವು ಮನೆಯಲ್ಲಿ ಆಡುವ ಹಾಗೇ. ಬಲಕ್ಕೆ ಇಂಗ್ಲಿಷ್ ವಾಕ್ಯ. ಎಲ್ಲಿ ಎರಡರ ನಡಿಗೆ ಬೇರೆಯಾಯಿತೋ ಅಲ್ಲಿ ಅಡಿಗೆರೆ. ನಾನು ಕೊಟ್ಟ ಉದಾಹರಣೆಗಳನ್ನು ಬರೆದುಕೊಳ್ಳಬೇಡಿ, ನಿಮ್ಮವನ್ನು ಬರೆಯಿರಿ.

ಫೋನು ತಾನೇ ತಿದ್ದುತ್ತದಲ್ಲ ಸಾ ಎಂದು ಯಾರೋ ಹಿಂದಿನಿಂದ ಹೇಳಿದರು. ತಿದ್ದುತ್ತದೆ, ಬೇಡವೆನ್ನುವುದಿಲ್ಲ. ‘ಐ ಓನ್ಲಿ ಟೋಲ್ಡ್ ಹಿಮ್’ ಎಂಬುದನ್ನು ಅದು ಮುಟ್ಟುವ ನೆಚ್ಚಿಗೆ ಇಲ್ಲ, ಏಕೆಂದರೆ ಆ ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ. ನೀವು ಹೇಳಬೇಕೆಂದಿದ್ದದ್ದು ಬೇರೆ ಎಂಬುದು ಅದಕ್ಕೆ ಹೇಗೆ ಗೊತ್ತಾಗಬೇಕು?

ದತ್ತಿ ದಾನಿಗಳ ಮನೆಯವರಲ್ಲಿ ಒಂದು ಕೋರಿಕೆ. ದತ್ತಿಯ ಬಡ್ಡಿಯಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿಗೆ ಹೋಗುವುದನ್ನು ಸ್ವಲ್ಪ ಕಡಿಮೆ ಮಾಡಿ ಈ ಎರಡು ಪುಸ್ತಕ ಕೊಳ್ಳಿ. ಕೊಂಡದ್ದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ಹೆಡ್ ಮೇಷ್ಟರ ಜೇಬಿನಲ್ಲಿ ಉಳಿಯುವ ಹಾಗಾಗಬಾರದು. ತರಗತಿಯ ಕಿಟಕಿಯ ಕಟ್ಟೆಯ ಮೇಲೆ ಇರಲಿ. ಹಾಳೆ ಹರಿದರೆ ಹರಿಯಲಿ.

ಮಕ್ಕಳು ಚೀಟಿಗಳಲ್ಲಿ ಪ್ರಶ್ನೆ ಬರೆದು ಕಳಿಸಿದ್ದಾರೆ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಆದ್ದರಿಂದ ಒಂದಕ್ಕೆ ಮಾತ್ರ ಉತ್ತರ ಹೇಳಿ ಕೂರುತ್ತೇನೆ. ‘ಮದುವೆ ಮನೆ ಮುಂದಿನ ಬೋರ್ಡಿನಲ್ಲಿ ಹುಡುಗ ಹುಡುಗಿಯ ಹೆಸರಿನ ನಡುವೆ ವೆಡ್ಸ್ ಅಂತ ಬರೆಸುತ್ತಾರೆ, ಅದು ಸರಿಯಾ?’ ಇದನ್ನು ಕೇಳಿದ ಮಗು ಯಾರು? ಭಲೇ. ಇಂಗ್ಲೆಂಡಿನಲ್ಲಿ ಮದುವೆ ಮನೆಯ ಮುಂದೆ ಹೀಗೆ ಹಾಕುವ ರೂಢಿ ಇಲ್ಲ, ಈ ಪದವನ್ನು ಅಲ್ಲಿ ಹೆಚ್ಚಾಗಿ ಬಳಸುವುದು ಪತ್ರಿಕೆಯ ತಲೆಬರಹದಲ್ಲಿ. ಆದರೆ ವ್ಯಾಕರಣ ಪೂರ್ತಿ ಸರಿ. ‘ಮ್ಯಾರಿ’ಯಂತೆ ಇದೂ ನೇರವಾಗಿ ಕರ್ಮಪದವನ್ನು ಹಿಡಿಯುವ ಕ್ರಿಯಾಪದ, ನಡುವೆ ‘ವಿತ್’ ಬೇಡ. ಅರ್ಜಿಯಲ್ಲಿ ‘ಮ್ಯಾರೀಡ್ ವಿತ್’ ಎಂದು ಬರೆಯುವ ನಾವೇ ಥರ್ಮೋಕೋಲ್ ಬೋರ್ಡಿನ ಮೇಲೆ ಇದನ್ನು ತಪ್ಪಿಲ್ಲದೆ ಬರೆಸುತ್ತಿದ್ದೇವೆ. ಮುಂದಿನ ಸಲ ಯಾರ ಮದುವೆಗಾದರೂ ಹೋದಾಗ ಆ ಬೋರ್ಡನ್ನು ನೋಡಿಕೊಂಡು ಬಂದು ನೋಟುಬುಕ್ಕಿನ ಬಲಬದಿಯಲ್ಲಿ ಬರೆಯಿರಿ; ಎಡಬದಿಯಲ್ಲಿ ‘ಜೊತೆ’ಗೆ ಅಡಿಗೆರೆ ಎಳೆಯಿರಿ.